ಶಿಫಾರಸು ಪತ್ರಕ್ಕೆ ಬೇಕು, ಪರಂಪರೆಗೆ ಬೇಡ

ಕಾನ್ವೆಂಟು ನಮ್ಮ ಸಂಸ್ಕೃತಿಯಲ್ಲವಂತೆ. ಮಂಗಳೂರಿಗೆ ಈ ಮಾತು ಹೊಸದೇನಲ್ಲ. ಆದರೆ 2024ರ ಫೆಬ್ರವರಿ 12ರಂದು ಜೆಪ್ಪುವಿನ ಸಂತ ಜೆರೋಸಾ ಶಾಲೆಯ ಗೇಟಿನೆದುರು ಅದಕ್ಕೆ ಶಾಸಕರ ಮುಂದಾಳತ್ವವೂ ಸಿಕ್ಕಿತು. ಏಳನೇ ತರಗತಿಗೆ ರವೀಂದ್ರನಾಥ ಟಾಗೋರರ ಪದ್ಯ ಪಾಠ ಮಾಡುವಾಗ ಟೀಚರು ದೇವರನ್ನು ಹೀಯಾಳಿಸಿದರು ಎಂಬ ಆರೋಪ. ಒಂದು ಆಡಿಯೋ ಮೊಬೈಲಿಂದ ಮೊಬೈಲಿಗೆ ಹಾರಿತು. ಯೂನಿಫಾರ್ಮ್ ತೊಟ್ಟ ಮಕ್ಕಳ ಬಾಯಲ್ಲಿ, ಅವರ ಶಾಲೆಯ ಗೇಟಿನಲ್ಲೇ, ಘೋಷಣೆ ಮೊಳಗಿತು. ಅದೇ ದಿನ ಟೀಚರ ಕೆಲಸ ಹೋಯಿತು. ವಿಚಾರಣೆ? ಅದು ಆಮೇಲೆ. ಗುಡಿಯ ಮೂಲೆಯಲ್ಲಿ ಕೂತು ಜಪಮಣಿ ಎಣಿಸುವುದನ್ನು ಬಿಟ್ಟು ಹೊಲ ಉಳುವವನ ಬಳಿ ದೇವರನ್ನು ನೋಡು ಎನ್ನುವ ಪದ್ಯ ಅದು. ಬಸವಣ್ಣನವರ ಕಾಯಕ ತತ್ವ ಕೇಳಿ ಬೆಳೆದ ನಾಡಿನಲ್ಲಿ ಅದಕ್ಕೆ ಬೆಚ್ಚಿಬಿದ್ದವರು ಯಾರ ಸಂಸ್ಕೃತಿಯ ವಕ್ತಾರರೋ, ದೇವರೇ ಬಲ್ಲ.

ಟೀಚರು ಏನು ಹೇಳಿದರು, ಏನು ಹೇಳಲಿಲ್ಲ ಎಂಬ ಜಗಳ ನನಗೆ ಬೇಡ. ನನ್ನ ಸಿಟ್ಟು ಆ ಗದ್ದಲದ ಬೆನ್ನಿಗೇ ಬಂದ ಇನ್ನೊಂದು ಮಾತಿನ ಮೇಲೆ. ಈ ಶಾಲೆಗಳು ಹೊರಗಿನವು, ಬ್ರಿಟಿಷರು ಬಿಟ್ಟುಹೋದ ಪಳೆಯುಳಿಕೆ, ಇವುಗಳಿಗೂ ನಮ್ಮ ಪರಂಪರೆಗೂ ಏನು ಸಂಬಂಧ ಎಂಬ ಮಾತು.

ಇಂಥವರಿಗೆ ಒಂದೇ ಇಸವಿ ಹೇಳುತ್ತೇನೆ: 1870.

ಫ್ರಾನ್ಸಿನ ಬಯೋನ್ ಊರಿನಿಂದ ಹೊರಟ ಅಪೊಸ್ತಲಿಕ್ ಕಾರ್ಮೆಲ್ ಸಭೆಯ ಮೂವರು ಸಿಸ್ಟರುಗಳು ಆ ವರ್ಷ ನವೆಂಬರ್ 19ರಂದು ಮಂಗಳೂರಿಗೆ ಬಂದಿಳಿದರು. ಸಂತ ಆನ್ನರ ಕಾನ್ವೆಂಟು ಬೆಳೆದದ್ದು ಹಾಗೆ. ಜೆಪ್ಪುವಿನ ಶಾಲೆ ನಡೆಸುವವರು ಬೇರೆ ಸಭೆಯವರು ಎಂಬುದು ನನಗೂ ಗೊತ್ತು. ಗೇಟಿನಲ್ಲಿ ಕೂಗುವವರಿಗೆ ಆ ವ್ಯತ್ಯಾಸ ಬೇಕಾಗಿಲ್ಲ, ಹಾಗಾಗಿ ನಾನೂ ಎಲ್ಲವನ್ನೂ ಒಟ್ಟಿಗೇ ಹಿಡಿದು ಮಾತಾಡುತ್ತೇನೆ.

1870 ಅಂದರೆ ಕಾಂಗ್ರೆಸ್ ಹುಟ್ಟಲು ಇನ್ನೂ ಹದಿನೈದು ವರ್ಷ. ಆರೆಸ್ಸೆಸ್ ಹುಟ್ಟಲು ಐವತ್ತೈದು ವರ್ಷ. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಕನ್ನಡಿಗರ ರಾಜ್ಯ ಒಂದಾದದ್ದು 1956ರಲ್ಲಿ. ಇವೆಲ್ಲ ನಮ್ಮವು, ಇವೆಲ್ಲಕ್ಕಿಂತ ಹಳೆಯದಾದ ಹುಡುಗಿಯರ ಶಾಲೆ ಮಾತ್ರ ಹೊರಗಿನದು! ನೂರೈವತ್ತು ವರ್ಷ ದಾಟಿದರೂ ಊರಿನವರಾಗದಿದ್ದರೆ ಇನ್ನೆಷ್ಟು ವರ್ಷ ಬೇಕು? ದಯವಿಟ್ಟು ಒಂದು ಅಂಕಿ ಹೇಳಿ, ಬರೆದಿಟ್ಟುಕೊಳ್ಳುತ್ತೇವೆ.

ಬ್ರಿಟಿಷರ ಪಳೆಯುಳಿಕೆ ಎನ್ನುವವರು ಬಂದವರು ಯಾರೆಂದಾದರೂ ನೋಡಿದ್ದಾರೆಯೇ? ಅಪೊಸ್ತಲಿಕ್ ಕಾರ್ಮೆಲ್ ಸಭೆ ಕಟ್ಟಿದ ಮದರ್ ವೆರೋನಿಕಾ ಅವರ ಮೂಲ ಹೆಸರು ಸೋಫಿ ಲೀವ್ಸ್. ಇಂಗ್ಲಿಷ್ ಆಂಗ್ಲಿಕನ್ ಪಾದ್ರಿಯ ಮಗಳು, ಹುಟ್ಟಿದ್ದು ಇಸ್ತಾಂಬುಲ್‌ನಲ್ಲಿ, ಅಪ್ಪನ ಚರ್ಚು ಬಿಟ್ಟು ಕ್ಯಾಥೊಲಿಕ್ ಆದವರು. ಅಂದರೆ ಸಾಮ್ರಾಜ್ಯದ ಅಧಿಕೃತ ಧರ್ಮಕ್ಕೇ ಬೆನ್ನು ಹಾಕಿದ ಹೆಣ್ಣುಮಗಳು. ಅದೇ 1870ರಲ್ಲಿ ಪೋ ಊರಿನ ಮಠದಿಂದ ಮಂಗಳೂರಿಗೆ ಹೊರಟ ಇನ್ನೊಂದು ತಂಡದಲ್ಲಿ ಮೂವರು ಸಿಸ್ಟರುಗಳು ದಾರಿಯಲ್ಲೇ ತೀರಿಕೊಂಡರು. ಉಳಿದವರಲ್ಲಿ ಒಬ್ಬಳು ಪ್ಯಾಲೆಸ್ತೀನಿನ ಬಡ ಹುಡುಗಿ, ಮರಿಯಂ ಬವಾರ್ದಿ. 1871ರಲ್ಲಿ ಆಕೆ ಸನ್ಯಾಸದ ವ್ರತ ತೊಟ್ಟದ್ದು ನಮ್ಮ ಮಂಗಳೂರಿನಲ್ಲಿ. 2015ರಲ್ಲಿ ಆಕೆಯನ್ನು ಸಂತಳೆಂದು ರೋಮಿನಲ್ಲಿ ಘೋಷಿಸಿದರು. ಬೇರೆ ಯಾವ ಊರಿಗಾದರೂ ಇಂಥ ಕಥೆ ಸಿಕ್ಕಿದ್ದರೆ ಪ್ರವಾಸೋದ್ಯಮ ಇಲಾಖೆ ಕಮಾನು ಕಟ್ಟಿ ಟಿಕೆಟ್ ಹರಿಯುತ್ತಿತ್ತು. ನಮ್ಮಲ್ಲಿ ಎಷ್ಟು ಜನರಿಗೆ ಈ ಹೆಸರು ಗೊತ್ತು?

ಸಿಸ್ಟರುಗಳು ಬಂದದ್ದೇ ಮತಾಂತರಕ್ಕೆ ಎನ್ನುತ್ತಾರೆ. ಇರಲಿ, ಆ ಲೆಕ್ಕವನ್ನೇ ಮಾಡೋಣ. 1870ರಿಂದ ಇಲ್ಲಿಯವರೆಗೆ ಕಾನ್ವೆಂಟಿನಲ್ಲಿ ಓದಿದ ಬಂಟರ, ಬಿಲ್ಲವರ, ಕೊಂಕಣಿಗರ, ಬ್ಯಾರಿಗಳ ಹೆಣ್ಣುಮಕ್ಕಳೆಲ್ಲ ಮತಾಂತರವಾಗಿದ್ದರೆ ಇವತ್ತು ಗೇಟಿನ ಹೊರಗೆ ಕೂಗಲು ಜನವೇ ಉಳಿಯುತ್ತಿರಲಿಲ್ಲ. ಆದದ್ದು ಬೇರೆ. ಆ ಹುಡುಗಿಯರು ಟೀಚರಾದರು, ನರ್ಸಾದರು, ಬ್ಯಾಂಕಿಗೆ ಸೇರಿದರು. ಕರಾವಳಿಯಲ್ಲಿ ಬ್ಯಾಂಕು ಹುಟ್ಟಿದ ಕಥೆಯನ್ನು ಎದೆಯುಬ್ಬಿಸಿ ಹೇಳುವವರು ಅದರ ಕೌಂಟರಿನ ಹಿಂದೆ ಕೂತ ಹೆಣ್ಣುಮಗಳು ಲೆಕ್ಕ ಕಲಿತದ್ದೆಲ್ಲಿ ಎಂದು ಕೇಳುವುದಿಲ್ಲ. 1921ರಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಸಿಸ್ಟರುಗಳು ಸಂತ ಆಗ್ನೆಸ್ ಕಾಲೇಜು ತೆರೆದರು. ಹುಡುಗಿಯರಿಗೇ ಅಂತ ಕಾಲೇಜು, ಅದೂ ಹತ್ತು-ಹನ್ನೆರಡಕ್ಕೆ ಮದುವೆ ಮಾಡಿ ಕೈತೊಳೆದುಕೊಳ್ಳುತ್ತಿದ್ದ ಕಾಲದಲ್ಲಿ.

ಕಾನ್ವೆಂಟು ಬೆಳೆಯುತ್ತಿದ್ದ ಆ ದಶಕಗಳಲ್ಲಿ ಊರಿನ ಹಿರಿಯರು ಏನು ಮಾಡಿದರು? ಗೇಟಿನೆದುರು ಕೂಗಲಿಲ್ಲ. ಅಮ್ಮೆಂಬಳ ಸುಬ್ಬರಾವ್ ಪೈಗಳು 1891ರಲ್ಲಿ ಕೆನರಾ ಹೈಸ್ಕೂಲು ಕಟ್ಟಿದರು, ಹುಡುಗಿಯರಿಗೂ ಶಾಲೆ ತೆರೆದರು. ಕುದ್ಮುಲ್ ರಂಗರಾಯರು ಸ್ವಜಾತಿಯವರ ಬಹಿಷ್ಕಾರ ತಿಂದು ದಲಿತ ಮಕ್ಕಳಿಗೆ ಕಲಿಸಿದರು. ಪಾದ್ರಿಗಳ ಜೊತೆ ಅವರಿಗೆ ಪೈಪೋಟಿಯೇ ಇತ್ತೆನ್ನಿ, ಆದರೆ ಅದು ಶಾಲೆ ಕಟ್ಟುವ ಪೈಪೋಟಿ. ಇವತ್ತಿನವರದ್ದು ಮೈಕು ಕಟ್ಟುವ ಪೈಪೋಟಿ.

ಇನ್ನು ಪರಂಪರೆ ಎಂಬ ಸರಕಾರಿ ವ್ಯವಹಾರ. ಕೋಟೆ, ಗುಡಿ, ಗೋರಿ, ಶಾಸನ, ಇಷ್ಟರಲ್ಲೇ ಇತಿಹಾಸ ಮುಗಿಯಿತು ಎಂಬಂತೆ ನಮ್ಮ ಇಲಾಖೆಗಳು ನಡೆದುಕೊಳ್ಳುತ್ತವೆ. ಪಟ್ಟಿಗೆ ಸೇರಿದ್ದನ್ನಾದರೂ ಉಳಿಸಿಕೊಂಡಿದ್ದಾರೆಯೇ ಅಂದರೆ ಅದೂ ಇಲ್ಲ. ಪಾರಂಪರಿಕ ನಗರ ಎಂದು ಬೋರ್ಡು ಹಾಕಿಕೊಂಡ ಮೈಸೂರಿನಲ್ಲಿ 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡ ಕುಸಿದು ನಾಲ್ವರು ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಕ್ರುಂಬಿಗಲ್ ಹಾಲನ್ನು 2017ರಲ್ಲಿ ಸರಕಾರವೇ ನೆಲಸಮ ಮಾಡಿತು. ಹಳ್ಳಿಯ ಸರಕಾರಿ ಕನ್ನಡ ಶಾಲೆಗಳ ಹೆಂಚು ಹಾರಿಹೋಗಿ ಎಷ್ಟು ಮಳೆಗಾಲವಾಯಿತೋ, ಅದಕ್ಕಾಗಿ ಯಾವ ಗೇಟಿನೆದುರೂ ಯಾರೂ ಜಮಾಯಿಸಿಲ್ಲ. ಸಂಸ್ಕೃತಿ ಉಳಿಸುವವರಿಗೆ ಸೋರುವ ಮಾಡು ಕಾಣುವುದಿಲ್ಲ, ಟೀಚರ ನಾಲಿಗೆ ಮಾತ್ರ ಕಾಣುತ್ತದೆ.

ನಾನು ಪರಂಪರೆ ಎನ್ನುತ್ತಿರುವುದು ಬರೀ ಕಮಾನು ಕಂಬಗಳನ್ನಲ್ಲ. ಮುರಕಲ್ಲಿನ ಗೋಡೆ, ಹೆಂಚಿನ ಮಾಡು, ಉದ್ದನೆಯ ಜಗಲಿ ಕರಾವಳಿಯ ಹಳೆಯ ಮನೆಗಳಲ್ಲೂ ಇವೆ. ಹೊಲಿಗೆ ಕ್ಲಾಸಿನಲ್ಲಿ ಬಿಳಿ ಬಟ್ಟೆಯ ತುಂಡಿನ ಮೇಲೆ ಕಾಜಾ ಹೊಲಿದು, ಕಸೂತಿ ಹಾಕಿ, ಮೂಲೆಯಲ್ಲಿ ಕೆಂಪು ದಾರದಲ್ಲಿ ತನ್ನ ಹೆಸರು ಬರೆಯುವ ಹುಡುಗಿ ಇದ್ದಾಳಲ್ಲ, ಮನೆಯಲ್ಲಿ ಯಾವ ಕಾಗದದ ಮೇಲೂ ಇಲ್ಲದ ಅವಳ ಹೆಸರು ಮೊದಲ ಸಲ ಬರಹಕ್ಕೆ ಇಳಿದದ್ದು ಅಲ್ಲಿ. ಅದಕ್ಕಿಂತ ದೊಡ್ಡ ಶಾಸನ ನನಗೆ ಗೊತ್ತಿಲ್ಲ. ಇಲ್ಲ, ಕಾನೂನಿನ ಲೆಕ್ಕವೇ ಬೇಕೆಂದರೆ, ಕೇಂದ್ರದ 1958ರ ಸ್ಮಾರಕ ಕಾಯ್ದೆ ಕೇಳುವುದು ನೂರು ವರ್ಷ. ವಯಸ್ಸಿನ ಮಾತಾದರೆ ಈ ಶಾಲೆಗಳು ಎಂದೋ ಪಾಸಾಗಿವೆ.

ಹೌದು, ಡೊನೇಷನ್ ಇದೆ, ಕನ್ನಡ ಮಾತಾಡಿದರೆ ದಂಡ ಹಾಕುತ್ತಿದ್ದ ಕಾಲವೂ ಇತ್ತು ಎನ್ನುತ್ತೀರಿ. ಅದನ್ನು ಕೇಳಲು ನಿಮಗೆ ಹಕ್ಕು ಬರುವುದು ಜೂನ್ ತಿಂಗಳಲ್ಲಿ ಲೆಟರ್‌ಹೆಡ್ಡಿನ ಮೇಲೆ ಸೀಟಿಗೆ ಶಿಫಾರಸು ಬರೆಯುವುದನ್ನು ನಿಲ್ಲಿಸಿದ ಮೇಲೆ.

ಕೊನೆಗೆ ಸಿಸ್ಟರುಗಳಿಗೂ ಒಂದು ಮಾತು. ಯಾರೋ ಕೂಗಿದರೆಂದು ಅದೇ ದಿನ ಟೀಚರನ್ನು ಮನೆಗೆ ಕಳಿಸುವ ಆಡಳಿತಕ್ಕೆ ತನ್ನ ಇತಿಹಾಸದ ನೆನಪೇ ಇಲ್ಲ. ದಾರಿಯಲ್ಲಿ ಮೂವರನ್ನು ಕಳೆದುಕೊಂಡೂ ಹಿಂದಿರುಗದವರ ವಾರಸುದಾರರು ಇಷ್ಟು ಬೇಗ ಬಾಗಬಾರದಿತ್ತು. ಶತಮಾನೋತ್ಸವಕ್ಕೊಂದು ಹೊಳೆಯುವ ಸಂಚಿಕೆ, ಬಿಷಪ್ಪರ ಫೋಟೋ, ಕೇಕು, ಇಷ್ಟಕ್ಕೆ ಪರಂಪರೆ ಮುಗಿಯುವುದಿಲ್ಲ. ನಿಮ್ಮ ಅಲ್ಮೇರಾದಲ್ಲಿರುವ ಹಳೆಯ ದಾಖಲಾತಿ ರಿಜಿಸ್ಟರುಗಳನ್ನು ಗೆದ್ದಲು ತಿನ್ನುವ ಮೊದಲು ಹೊರಗೆ ತೆಗೆಯಿರಿ. ಸ್ಕ್ಯಾನ್ ಮಾಡಿಸಿ, ಸಂಶೋಧಕರಿಗೆ ಕೊಡಿ. ಯಾವ ಬೀದಿಯ, ಯಾವ ಜಾತಿಯ ಹುಡುಗಿ ಯಾವ ವರ್ಷ ಬಂದಳು, ಎಷ್ಟನೇ ಕ್ಲಾಸಿಗೆ ಬಿಟ್ಟಳು ಎಂಬುದು ಊರಿಗೆ ಗೊತ್ತಾಗಲಿ. ಗೇಟಿನ ಹೊರಗೆ ಕೂಗುವವರಲ್ಲಿ ಎಷ್ಟು ಮಂದಿಯ ಅಜ್ಜಿಯರ ಹೆಸರು ಅದರಲ್ಲಿದೆ ಎಂದು ಎಣಿಸುವ ಕೆಲಸಕ್ಕೆ ನಾನೇ ಬರುತ್ತೇನೆ, ಸಂಬಳ ಬೇಡ.