ತತ್ತಿಯ ಜಗಳದಲ್ಲಿ ಹಸಿದವರು ಯಾರು?



ಕಳೆದ ತಿಂಗಳು ತುಳಸಿಗೇರಿಯಲ್ಲಿ ನಮ್ಮ ಬಂಧುಗಳೊಬ್ಬರ ಹೊಸ ಮನೆಯ ಪ್ರವೇಶವಿತ್ತು. ಊಟದ ಪಂಕ್ತಿಯಲ್ಲಿ ನಾನೂ ಕುಳಿತಿದ್ದೆ. ಹೂರಣದ ಹೋಳಿಗೆ, ಕಟ್ಟಿನ ಸಾರು, ಬದನೆಕಾಯಿಯ ಎಣಗಾಯಿ, ಕೊನೆಗೆ ಗಟ್ಟಿ ಮೊಸರು. ತುಪ್ಪ ಬಡಿಸುವವರು ಎರಡನೆಯ ಸುತ್ತು ಬಂದಾಗ, ವರಸೆಯಲ್ಲಿ ನನಗೆ ಅಣ್ಣನ ಮಗನಾಗಬೇಕಾದವನೊಬ್ಬ ಎಲೆಯಿಂದ ತಲೆಯೆತ್ತಿ ಕೇಳಿದ: "ಕಾಕಾ, ನೀವು ಮಾಸ್ತರಾಗಿದ್ದವರು, ನೀವರೆ ಹೇಳ್ರಿ. ಮಾರುತಿ ದೇವರ ಊರಾಗ ಸಾಲಿ ಹುಡುಗರಿಗೆ ತತ್ತಿ ಕೊಡೂದಂದ್ರ ಏನ್ರಿ ಇದು? ಬಾಳೆಹಣ್ಣು ಕೊಟ್ರ ಸಾಲೂದಿಲ್ಲೇನು?"

ಪಂಕ್ತಿಯಲ್ಲಿ ಹಲವು ತಲೆಗಳು ಹೌದೆಂಬಂತೆ ಆಡಿದವು. ಉಣ್ಣುವ ಎಲೆಯ ಮುಂದೆ ವಾದ ಮಾಡಬಾರದೆಂದು ಹಿರಿಯರು ಕಲಿಸಿದ್ದರಿಂದ ನಾನು ಅಂದು ಸುಮ್ಮನಿದ್ದೆ. ಆದರೆ ಆ ಮೌನ ನನ್ನನ್ನು ಇನ್ನೂ ಚುಚ್ಚುತ್ತಿದೆ. ಆದ್ದರಿಂದ ಅಂದು ಕೊಡದ ಉತ್ತರವನ್ನು ಇಂದು ಬರೆಯುತ್ತಿದ್ದೇನೆ. ಕೆಲವರಿಗೆ ಬೇಸರವಾದೀತು; ಆಗಲಿ.

ಮೊದಲಿಗೆ ನನ್ನ ತಪ್ಪನ್ನೇ ಒಪ್ಪಿಕೊಳ್ಳುತ್ತೇನೆ. ನಾನು ಹುಟ್ಟಿದಂದಿನಿಂದ ತತ್ತಿಯನ್ನು ಬಾಯಿಗಿಟ್ಟವನಲ್ಲ, ಇನ್ನು ಮುಂದೆ ಇಡುವವನೂ ಅಲ್ಲ. 2021ರ ಡಿಸೆಂಬರಿನಲ್ಲಿ ಸರ್ಕಾರವು ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿಯೂ ನಮ್ಮ ನೆರೆಯ ವಿಜಯಪುರದಲ್ಲಿಯೂ ಬಿಸಿಯೂಟದೊಡನೆ ತತ್ತಿ ಕೊಡಲಾರಂಭಿಸಿದಾಗ, ಅದು ನಮ್ಮ ಜಿಲ್ಲೆಗೆ ಬಾರದಿರಲೆಂಬ ಮನವಿಪತ್ರವೊಂದು ನನ್ನ ಮುಂದೆ ಬಂತು. ನಾನು ಓದದೆಯೇ ಸಹಿ ಮಾಡಿದೆ. ಮೂವತ್ತಕ್ಕೂ ಹೆಚ್ಚು ವರ್ಷ ಮಕ್ಕಳಿಗೆ 'ಓದದೆ ಸಹಿ ಮಾಡಬೇಡಿರಿ' ಎಂದು ಬೋಧಿಸಿದ ಮಾಸ್ತರನು ಓದದೆ ಸಹಿ ಮಾಡಿದನು. ಇಂದು ಆ ಸಹಿಯನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ ಎಂದು ತಿಳಿಯಿರಿ.

ನನ್ನ ಮನಸ್ಸನ್ನು ತಿರುಗಿಸಿದ್ದು ಒಂದು ಹಳೆಯ ನೆನಪು. ಶಾಲೆಗಳಲ್ಲಿ ಬಿಸಿಯೂಟ ಇನ್ನೂ ಪ್ರಾರಂಭವಾಗಿರದಿದ್ದ ಕಾಲ. ಮಕ್ಕಳಿಗೆ ತಿಂಗಳಿಗೆ 3 ಕಿಲೋ ಧಾನ್ಯವನ್ನು ಮನೆಗೆ ಕೊಟ್ಟು ಕಳುಹಿಸುತ್ತಿದ್ದೆವು. ಒಂದು ಮುಂಜಾನೆ ಪ್ರಾರ್ಥನೆಯ ಸಾಲಿನಲ್ಲಿ ನಿಂತಿದ್ದ ಏಳನೆಯ ತರಗತಿಯ ಹುಡುಗಿಯೊಬ್ಬಳು ಕುಸಿದು ಬಿದ್ದಳು. ನೀರು ಚಿಮುಕಿಸಿ ಎಬ್ಬಿಸಿ, "ಏನು ಉಂಡು ಬಂದೀ ತಂಗಿ?" ಎಂದು ಕೇಳಿದೆ. "ಚಹಾ ಕುಡದು ಬಂದೀನ್ರಿ ಸರ್" ಎಂದಳು. ಆಸ್ಪತ್ರೆಗೆ ಕರೆದೊಯ್ದಾಗ ವೈದ್ಯರು ಅವಳ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಎಳೆದು, "ನೋಡ್ರಿ ಮಾಸ್ತರ, ಇಲ್ಲಿ ಕೆಂಪು ಎಲ್ಲೈತಿ?" ಎಂದರು. ರೆಪ್ಪೆಯ ಒಳಭಾಗವು ನೆನೆಸಿದ ಅವಲಕ್ಕಿಯಂತೆ ಬೆಳ್ಳಗಿತ್ತು. ಆ ಹುಡುಗಿಯನ್ನು ನಾನು ವರ್ಷವಿಡೀ 'ಮಂದಬುದ್ಧಿ' ಎಂದು ಬೈದಿದ್ದೆ. ಮಂದವಾಗಿದ್ದುದು ಅವಳ ಬುದ್ಧಿಯಲ್ಲ, ರಕ್ತ.

ಅನಂತರ ಕಾಲ ಸುಧಾರಿಸಿತು. ಬೇಯಿಸಿದ ಅನ್ನವನ್ನೇ ಮಕ್ಕಳಿಗೆ ಬಡಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2001ರ ನವೆಂಬರಿನಲ್ಲಿ ಆದೇಶಿಸಿತು. 2002ರಲ್ಲಿ 'ಅಕ್ಷರ ದಾಸೋಹ'ವು ರಾಜ್ಯದಲ್ಲಿ ಮೊದಲು ಪ್ರಾರಂಭವಾದ ಏಳು ಜಿಲ್ಲೆಗಳಲ್ಲಿ ನಮ್ಮ ಬಾಗಲಕೋಟೆಯೂ ಒಂದು. 2013ರಲ್ಲಿ 'ಕ್ಷೀರಭಾಗ್ಯ'ದ 150 ಮಿಲಿಲೀಟರ್ ಹಾಲು ಬಂತು. ಹೊಟ್ಟೆ ತುಂಬಿತು, ಹಾಜರಿ ಏರಿತು. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ಹೊಟ್ಟೆ ತುಂಬುವುದು ಬೇರೆ, ಮೈ ತುಂಬುವುದು ಬೇರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ವಯಸ್ಸಿಗೆ ತಕ್ಕ ಎತ್ತರವಿಲ್ಲದವರು, ಶೇ. 32.9ರಷ್ಟು ತಕ್ಕ ತೂಕವಿಲ್ಲದವರು, ಶೇ. 65.5ರಷ್ಟು ಮಕ್ಕಳಲ್ಲಿ ರಕ್ತಹೀನತೆ. ಬೆರಳ ತುದಿಯ ಹನಿಯಿಂದ ಮಾಡಿದ ರಕ್ತಪರೀಕ್ಷೆ ಅಷ್ಟು ನಿಖರವಲ್ಲವೆಂದು ಕೆಲವು ವಿಜ್ಞಾನಿಗಳ ಆಕ್ಷೇಪವಿದೆ, ಅದರಲ್ಲಿ ಹುರುಳೂ ಇದೆ. ಆದರೆ ನರದಿಂದ ರಕ್ತ ತೆಗೆದು ಪರೀಕ್ಷಿಸಿದ 2016-18ರ ರಾಷ್ಟ್ರೀಯ ಸಮೀಕ್ಷೆಯಲ್ಲಿಯೂ ದೇಶದ ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿ ಐವರಲ್ಲಿ ಇಬ್ಬರು ರಕ್ತಹೀನರೇ. ಎತ್ತರ ಅಳೆಯುವ ಪಟ್ಟಿಯ ಮೇಲಂತೂ ಇಂಥ ಆಕ್ಷೇಪವೂ ಇಲ್ಲ. ಮೂವರಲ್ಲಿ ಒಬ್ಬ ಕುಳ್ಳನಾಗಿ ಉಳಿದಿದ್ದಾನೆ.

ಇನ್ನು ನಮ್ಮವರ ಆಕ್ಷೇಪಗಳನ್ನು ಒಂದೊಂದಾಗಿ ನೋಡೋಣ.

'ನಮ್ಮ ಹಿರಿಯರು ತತ್ತಿ ತಿನ್ನದೆಯೇ ಗಟ್ಟಿಮುಟ್ಟಾಗಿರಲಿಲ್ಲವೆ?' ಇದ್ದರು, ಏಕೆಂದರೆ ಮನೆಯಲ್ಲಿ ಹೈನು ಇತ್ತು. ನನ್ನ ತಾಯಿ ನಸುಕಿನಲ್ಲಿ ಎದ್ದು ಮೊಸರು ಕಡೆಯುತ್ತಿದ್ದಳು. ಬೆಣ್ಣೆಯ ಮೊದಲ ಉಂಡೆ ನನ್ನ ಬಿಸಿರೊಟ್ಟಿಯ ಮೇಲೆ ಬೀಳುತ್ತಿತ್ತು. ಅದೇ ಹೊತ್ತಿಗೆ ನಮ್ಮ ಹೊಲದಲ್ಲಿ ಕಳೆ ತೆಗೆಯುವವರ ಮಗ ರೊಟ್ಟಿಗೆ ಕೆಂಪುಖಾರ ಹಚ್ಚಿಕೊಂಡು ತಿನ್ನುತ್ತಿದ್ದ. ನಾವಿಬ್ಬರೂ ತತ್ತಿ ತಿನ್ನಲಿಲ್ಲ. ಒಬ್ಬನಿಗೆ ಅದು ವ್ರತ, ಇನ್ನೊಬ್ಬನಿಗೆ ಬಡತನ. ಹಿರಿಯರ ಗಟ್ಟಿತನಕ್ಕೆ ಸಾಕ್ಷಿ ಹೇಳಲು ಬಂದವರು ಬದುಕಿ ಉಳಿದವರು ಮಾತ್ರ ಎಂಬುದನ್ನೂ ಮರೆಯಬೇಡಿರಿ. ಒಂದೊಂದು ಮನೆಯಲ್ಲಿ ಎಷ್ಟು ಕೂಸುಗಳನ್ನು ಮಣ್ಣಿಗಿಟ್ಟರು ಎಂಬುದನ್ನು ನಿಮ್ಮ ಅಜ್ಜಿಯರನ್ನು ಕೇಳಿದ್ದರೆ ಅವರು ಹೇಳುತ್ತಿದ್ದರು.

'ಸಜ್ಜೆ, ಕಾಳು, ಪಲ್ಯ ಸಾಲದೆ?' ಸಜ್ಜೆಯ ರೊಟ್ಟಿ, ಮಡಕಿ ಕಾಳು, ಪುಂಡಿಪಲ್ಯ, ಗುರೆಳ್ಳು ಚಟ್ನಿ ಇವುಗಳ ಮಹಿಮೆಯನ್ನು ಯಾರೂ ನನಗೆ ಹೇಳಬೇಕಾಗಿಲ್ಲ. ಆದರೆ ಬಾಯಿಗೆ ಹೋದದ್ದೆಲ್ಲ ರಕ್ತಕ್ಕೆ ಹೋಗುವುದಿಲ್ಲ. ಬೆಳಗಾವಿಯ ವೈದ್ಯರು ಅಮೆರಿಕೆಯ ತಜ್ಞರೊಡಗೂಡಿ ನಮ್ಮ ರಾಜ್ಯದ ಎರಡು ವರ್ಷದ 40 ಮಕ್ಕಳ ಮೇಲೆ ನಡೆಸಿದ ಪ್ರಯೋಗವೊಂದು 2013ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಸಾಧಾರಣ ಸಜ್ಜೆ, ಇನ್ನೊಂದು ಗುಂಪಿಗೆ ಕಬ್ಬಿಣ ಮತ್ತು ಸತು ಹೆಚ್ಚಿರುವ ತಳಿಯ ಸಜ್ಜೆ. ದಿನದ ಮೂರು ಊಟಗಳಿಂದ ಮೈಗೆ ಹತ್ತಿದ ಕಬ್ಬಿಣವು ಮೊದಲನೆಯ ಗುಂಪಿನಲ್ಲಿ ಸರಾಸರಿ 0.23 ಮಿಲಿಗ್ರಾಂ, ಎರಡನೆಯದರಲ್ಲಿ 0.67 ಮಿಲಿಗ್ರಾಂ. ಧಾನ್ಯದಲ್ಲಿರುವ ಫೈಟೇಟ್ ಎಂಬ ಅಂಶ ಕಬ್ಬಿಣವನ್ನು ಹಿಡಿದಿಡುತ್ತದೆ. ಊಟದೊಡನೆ ಕುಡಿಯುವ ಚಹಾ ಇನ್ನಷ್ಟು ತಡೆಯುತ್ತದೆ. ಹಿಂಡಿದ ನಿಂಬೆಹಣ್ಣು ಬಿಡಿಸಿಕೊಡುತ್ತದೆ. ಆದ್ದರಿಂದ ಒಳ್ಳೆಯ ತಳಿಯ ಸಜ್ಜೆಯೂ ಬೇಕು, ಪಲ್ಯವೂ ಬೇಕು, ನಿಂಬೆಹಣ್ಣೂ ಬೇಕು. ಆದರೆ ಬಿ-12 ಎಂಬ ಜೀವಸತ್ವವನ್ನು ಯಾವ ಕಾಳೂ ಯಾವ ಪಲ್ಯವೂ ಕೊಡಲಾರದು. ಅದು ಹಾಲು, ತತ್ತಿ, ಮೀನು, ಮಾಂಸಗಳಲ್ಲಿ ಮಾತ್ರ ಇದೆ. ಹಾಲು ಮೊಸರು ಯಥೇಚ್ಛವಾಗಿರುವ ನಮ್ಮ ನಿಮ್ಮ ಮನೆಗಳಲ್ಲಿ ನಡೆದೀತು. ದುಡಿಯಲು ಗೋವೆಗೋ ಮಂಗಳೂರಿಗೋ ಹೋದ ತಂದೆತಾಯಿಗಳ ಮಗು ಅಜ್ಜಿಯ ಗುಡಿಸಲಿನಲ್ಲಿ ಉಣ್ಣುವ ಊಟದಲ್ಲಿ ಅದು ಎಲ್ಲಿಂದ ಬರಬೇಕು?

'ಬಾಳೆಹಣ್ಣು ಸಾಲದೆ?' ತತ್ತಿ ತಿನ್ನದ ಮಗುವಿಗೆ ಬಾಳೆಹಣ್ಣು ಕೊಡುವುದು ಉಚಿತವೇ. ಯಾರ ಬಾಯಿಗೂ ಬಲವಂತವಾಗಿ ತುರುಕಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಎರಡೂ ಸಮವೆಂದು ಹೇಳಬೇಡಿರಿ. ಒಂದು ತತ್ತಿಯಲ್ಲಿ ಸುಮಾರು 6 ಗ್ರಾಂ ಪ್ರೋಟೀನು, ಎ ಜೀವಸತ್ವ, ಬಿ-12 ಇವೆ. ಒಂದು ಬಾಳೆಹಣ್ಣಿನಲ್ಲಿ ಸುಮಾರು 1 ಗ್ರಾಂ ಪ್ರೋಟೀನು. ಬಿ-12 ಇಲ್ಲವೇ ಇಲ್ಲ.

'ತತ್ತಿಯಿಂದ ಲಾಭವಾಗುತ್ತದೆಂಬುದಕ್ಕೆ ಪುರಾವೆ ಏನು?' ನಮ್ಮ ಮಗ್ಗುಲಲ್ಲೇ ಇದೆ. ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವು ತತ್ತಿ ಕೊಟ್ಟ ಯಾದಗಿರಿ ಜಿಲ್ಲೆಯ ಮಕ್ಕಳನ್ನು, ಕೊಡದಿದ್ದ ಗದಗ ಜಿಲ್ಲೆಯ ಮಕ್ಕಳೊಡನೆ ಹೋಲಿಸಿತು. ಎಂಟನೆಯ ತರಗತಿಯ ಹುಡುಗಿಯರಲ್ಲಿ ಯಾದಗಿರಿಯವರ ತೂಕದ ಏರಿಕೆಯು ಗದಗಿನವರಿಗಿಂತ ಶೇ. 71ರವರೆಗೆ ಹೆಚ್ಚಾಗಿತ್ತು. ಕೆಲವೇ ತಿಂಗಳ ಹೋಲಿಕೆ, ಒಪ್ಪುತ್ತೇನೆ. ಇನ್ನು ದೂರದ ದೇಶಗಳ ಮಾತು: ದಕ್ಷಿಣ ಅಮೆರಿಕೆಯ ಇಕ್ವೆಡಾರ್ ದೇಶದಲ್ಲಿ ಆರರಿಂದ ಒಂಬತ್ತು ತಿಂಗಳ ಕೂಸುಗಳಿಗೆ ಆರು ತಿಂಗಳ ಕಾಲ ದಿನಕ್ಕೊಂದು ತತ್ತಿ ಕೊಟ್ಟಾಗ ಕುಳ್ಳತನ ಶೇ. 47ರಷ್ಟು ತಗ್ಗಿತೆಂದು 2017ರಲ್ಲಿ ವರದಿಯಾಯಿತು. ಆಫ್ರಿಕದ ಮಲಾವಿಯಲ್ಲಿ ಅದೇ ಪ್ರಯೋಗ ಮಾಡಿದಾಗ ಎತ್ತರದಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲವೆಂದು 2019ರಲ್ಲಿ ತಿಳಿದುಬಂತು. ತತ್ತಿಯನ್ನು ವಿರೋಧಿಸುವವರು ಇದನ್ನು ಎತ್ತಿ ಹೇಳಬಹುದು. ಆದರೆ ಮಲಾವಿಯ ಆ ಮಕ್ಕಳು ಮೊದಲಿನಿಂದಲೂ ಸರೋವರದ ಮೀನು ತಿನ್ನುತ್ತಿದ್ದರೆಂಬುದನ್ನು ಸಂಶೋಧಕರೇ ಒಂದು ಕಾರಣವಾಗಿ ಹೇಳಿದ್ದಾರೆ. ಉಂಡವನಿಗೆ ಬಡಿಸಿದರೆ ಫಲ ಕಾಣದು, ಹಸಿದವನಿಗೆ ಬಡಿಸಿದರೆ ಕಾಣುತ್ತದೆ. ನಮ್ಮ ಮಕ್ಕಳು ಯಾವ ಸರೋವರದ ಮೀನು ತಿನ್ನುತ್ತಿದ್ದಾರೆ?

ಕುಳ್ಳತನದ ಬೀಜ ಬೀಳುವುದು ಗರ್ಭದಿಂದ ಎರಡು ವರ್ಷದೊಳಗೆ ಎಂಬುದೂ ನಿಜ. ಆರನೆಯ ವರ್ಷದಲ್ಲಿ ಕೊಡುವ ತತ್ತಿ ಅದನ್ನೆಲ್ಲ ಅಳಿಸದು. ಹಾಗೆಂದು ತಡವಾಗಿ ಬಂದ ಮಳೆಗೆ ಯಾವ ರೈತನೂ ಬೇಡವೆನ್ನುವುದಿಲ್ಲ.

'ಪಂಕ್ತಿಭೇದವಾಗುತ್ತದೆ, ದೇವರ ಊರಿನಲ್ಲಿ ಇದು ಸಲ್ಲದು.' ಎಲ್ಲಕ್ಕಿಂತ ದೊಡ್ಡ ದನಿಯ ಆಕ್ಷೇಪ ಇದು. 2025ರಲ್ಲಿ ಮಂಡ್ಯ ಜಿಲ್ಲೆಯ ಆಲಕೆರೆಯಲ್ಲಿ ಇದೇ ಕಾರಣಕ್ಕೆ ಅನೇಕ ಪಾಲಕರು ಮಕ್ಕಳನ್ನು ಶಾಲೆಯಿಂದ ಬಿಡಿಸಿಕೊಂಡರು. ನಮ್ಮ ಊರಿನಲ್ಲಿ ಅಂಥದು ನಡೆಯಬಾರದೆಂಬುದೇ ನನ್ನ ಕಳವಳ. ಪಂಕ್ತಿಭೇದ ಶಾಲೆಯ ಪಡಸಾಲೆಯಲ್ಲಿ ಹುಟ್ಟಿದ್ದಲ್ಲ. ಒಂದು ಮಗು ತುಪ್ಪ ಉಂಡು, ಇನ್ನೊಂದು ಬರಿಯ ಚಹಾ ಕುಡಿದು ಬಂದು ಒಂದೇ ಸಾಲಿನಲ್ಲಿ ಕುಳಿತಾಗಲೇ ಅದು ಕುಳಿತಿದೆ. ತತ್ತಿ ಅದನ್ನು ಸ್ವಲ್ಪ ಕಡಿಮೆ ಮಾಡುತ್ತದೆ. ಯೋಜನೆಯ ಹೆಸರು 'ದಾಸೋಹ'. ನಮ್ಮದೇ ಜಿಲ್ಲೆಯ ಕೂಡಲಸಂಗಮದ ನೆಲಕ್ಕೆ ಈ ಮಾತಿನ ಅರ್ಥ ಹೇಳಿಕೊಡಬೇಕಾಗಿಲ್ಲ. ದಾಸೋಹ ಮಾಡುವವನು ಉಣ್ಣುವವನ ಹಸಿವನ್ನು ನೋಡಬೇಕು, ತನ್ನ ನಾಲಿಗೆಯನ್ನಲ್ಲ. ನಮ್ಮ ವ್ರತ ನಮ್ಮ ಎಲೆಯ ಅಂಚಿನಲ್ಲಿ ನಿಲ್ಲಬೇಕು. ಪಕ್ಕದ ಎಲೆಗೆ ಕೈ ಚಾಚಬಾರದು.

2024ರ ಸೆಪ್ಟೆಂಬರಿನಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನಿಂದ ವಾರಕ್ಕೆ ಆರು ದಿನ ತತ್ತಿ ಕೊಡುವ ವ್ಯವಸ್ಥೆ ರಾಜ್ಯದಲ್ಲಿ ಬಂತು. ಮೂರು ವರ್ಷಗಳಿಗೆಂದು ಘೋಷಿಸಿದ ಮೊತ್ತ ಸುಮಾರು 1,500 ಕೋಟಿ ರೂಪಾಯಿ. ಆಗ ತತ್ತಿಯೊಂದಕ್ಕೆ ನಿಗದಿಯಾದದ್ದು 6 ರೂಪಾಯಿ. ಪೇಟೆಯ ಬೆಲೆ ಅದನ್ನು ಮೀರಿದಾಗ ಕೈಯಿಂದ ಭರಿಸಬೇಕಾದವರು ಮುಖ್ಯೋಪಾಧ್ಯಾಯರು. ಹೋರಾಡಲೇಬೇಕೆಂದಿದ್ದರೆ ಇದಕ್ಕಾಗಿ ಹೋರಾಡಿರಿ: ದರ ಏರಲಿ, ತತ್ತಿ ತಪ್ಪದಿರಲಿ, ತತ್ತಿ ತಿನ್ನದ ಮಗುವಿಗೆ ಬಾಳೆಹಣ್ಣಿಗಿಂತ ಸತ್ವವುಳ್ಳದ್ದು ಸಿಗಲಿ, ಆ ಮೂರು ವರ್ಷ ಮುಗಿದ ಮೇಲೂ ಇದು ನಿಲ್ಲದಿರಲಿ.

ಪರವೂರಿನಲ್ಲಿರುವ ನನ್ನ ವಿದ್ಯಾರ್ಥಿಗಳಲ್ಲಿ ಒಂದು ಬಿನ್ನಹ. ನೀವು ಶಾಲೆಗೆ ಕಮಾನು ಕಟ್ಟಿಸುತ್ತೇವೆ, ರಂಗಮಂದಿರ ಕಟ್ಟಿಸುತ್ತೇವೆ ಎನ್ನುತ್ತೀರಿ, ಸಂತೋಷ. ಅದಕ್ಕೂ ಮೊದಲು, ಊರಿಗೆ ಬಂದಾಗ ಒಂದು ಮಧ್ಯಾಹ್ನ ಶಾಲೆಗೆ ಹೋಗಿ ಮಕ್ಕಳ ಸಾಲಿನಲ್ಲಿ ಕುಳಿತು ಉಣ್ಣಿರಿ. ಯಾರ ತಟ್ಟೆ ಮೊದಲು ಬರಿದಾಗುತ್ತದೆಂದು ನೋಡಿರಿ. ಬಂಧುಗಳೆ, ನಿಮ್ಮ ಮುಂದೆ ಮನವಿಪತ್ರ ಬಂದರೆ ಓದಿರಿ, ನನ್ನಂತೆ ಮಾಡಬೇಡಿರಿ.

ಪಂಕ್ತಿಯಲ್ಲಿ ನನ್ನನ್ನು ಕೇಳಿದ ಅಣ್ಣನ ಮಗನಿಗೆ ನನ್ನ ಉತ್ತರ ಇಷ್ಟೆ: ತಮ್ಮಾ, ಬಾಳೆಹಣ್ಣು ನನಗೆ ಸಾಕು, ನಿನಗೂ ಸಾಕು, ಏಕೆಂದರೆ ಅಂದು ನಮ್ಮಿಬ್ಬರ ಹೋಳಿಗೆಯ ಮೇಲೂ ತುಪ್ಪ ಎರಡು ಸಲ ಬಿದ್ದಿತ್ತು.