ಕೀಲಿ ಕೊಡುವ ಮುನ್ನ



ಕಾರಿನ ಹುಚ್ಚು ಹತ್ತಿದ ಹುಡುಗರು ನಮ್ಮ ಚಿಮ್ಮನಚೋಡದಲ್ಲೂ ಇದ್ದಾರೆ. ಅವರ ಬಾಯಲ್ಲಿ ಒಂದೇ ಮಾತು: ಟರ್ಬೊ. ಎಂಜಿನ್ ಹೊರಬಿಡುವ ಹೊಗೆಯ ರಭಸದಿಂದಲೇ ಪುಟ್ಟ ಚಕ್ರ ತಿರುಗಿಸಿ, ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಯಂತ್ರವದು.

1975ರ ಪೋರ್ಷೆ 911 ಟರ್ಬೊ ಇದಕ್ಕೆ ಹೆಸರುವಾಸಿ. ಆಕ್ಸಿಲರೇಟರ್ ತುಳಿದರೆ ಮೊದಲು ತಡ, ಆಮೇಲೆ ಒಮ್ಮೆಲೇ ನುಗ್ಗುತ್ತಿತ್ತು. ತಿರುವಿನಲ್ಲಿ ಗಾಬರಿಯಾಗಿ ಕಾಲೆತ್ತಿದರೆ ಹಿಂಭಾಗ ಜಾರುವ ಅಪಾಯ. 1962ರ ಲೋಟಸ್ ಎಲಾನ್‌ನ ತೂಕ ಸುಮಾರು 700 ಕಿಲೋ. ಬಲ ಕಡಿಮೆ, ಆದರೆ ಕೈ ಹೇಳಿದಂತೆ ಕೇಳುತ್ತಿತ್ತು.

ಇಂದಿನ ಟರ್ಬೊಗಳಲ್ಲಿ ಆ ತಡ ಬಹಳ ಕಡಿಮೆ. ಆದರೂ ಊರ ರಸ್ತೆಗೆ ದನ, ಮಕ್ಕಳು ಅಡ್ಡ ಬರುತ್ತಾರೆ. ಆದ್ದರಿಂದ ಕೀಲಿ ಕೊಡುವ ಮುನ್ನ "ಎಷ್ಟು ಓಡುತ್ತೆ?" ಎನ್ನಬೇಡಿ, "ನಿಲ್ಲಿಸಬಲ್ಲೆಯಾ, ಬೇಟಾ?" ಎಂದು ಕೇಳಿ. ರಸ್ತೆಯಲ್ಲಿರುವ ಪ್ರತಿ ಜೀವವೂ ಅಲ್ಲಾಹನ ಅಮಾನತ್.