ಊರ ಮನೆಯ ಬಚ್ಚಲು ನೀರು

ಬೇಸಗೆ ರಜೆ ಸಮೀಪಿಸಿತೆಂದರೆ ಡೊಂಬಿವಲಿಯ ನಮ್ಮ ಮನೆಗಳಲ್ಲಿ ಊರಿನ ಮಾತೇ ಮಾತು. ಟಿಕೆಟು ಸಿಕ್ಕಿತೇ, ಹಲಸು ಬಿಟ್ಟಿದೆಯೇ ಎಂಬ ವಿಚಾರಣೆಯ ಜೊತೆಗೆ ಈಚೆಗೆ ಇನ್ನೊಂದು ಮಾತೂ ಸೇರಿಕೊಂಡಿದೆ: “ಈ ಸಲ ಊರಲ್ಲಿ ಒಂದು ಒಳ್ಳೆಯ ಬಾತ್‌ರೂಮು ಕಟ್ಟಿಸಿಬಿಡಬೇಕು.” ನಾವೂ ಇದೇ ಉತ್ಸಾಹದಿಂದ ಮಲೆನಾಡಿನ ನಮ್ಮ ಮನೆಗೆ ಹೊಳೆಯುವ ಟೈಲ್ಸು, ಹತ್ತು ಲೀಟರಿನ ಫ್ಲಶ್ ಎಲ್ಲವನ್ನೂ ಹಾಕಿಸಿ ಬಂದಿದ್ದೆವು. ಆಷಾಢದಲ್ಲಿ ಚಿಕ್ಕಪ್ಪನವರ ಫೋನು ಬಂತು. “ನಿನ್ನ ಮುಂಬಯಿ ಅಂಗಳಕ್ಕೇ ಬಂದು ಕೂತಿದೆ, ಮಾರಾಯ!”

ಗುಂಡಿ ಉಕ್ಕಿತ್ತು.

ಇಲ್ಲಿ ನಲ್ಲಿ ತಿರುಗಿಸಿ ಮೋರಿಗೆ ಬಿಟ್ಟರೆ ನಮ್ಮ ಪಾಲಿನ ಕೆಲಸ ಮುಗಿಯಿತು. ಮುಂದಿನದನ್ನು ನೋಡಿಕೊಳ್ಳಲು, ನೋಡಿಕೊಳ್ಳದಿದ್ದರೆ ಬೈಸಿಕೊಳ್ಳಲು, ಮಹಾನಗರಪಾಲಿಕೆಯೊಂದಿದೆ. ಗುಡ್ಡದ ಊರಿನಲ್ಲಿ ಮೋರಿಯೂ ಪಾಲಿಕೆಯೂ ನಮ್ಮ ಹಿತ್ತಲೇ. ಕೊಳೆನೀರನ್ನು ಕುಡಿಯುವ ಮಣ್ಣೇ ನಮಗೆ ಬಾವಿಯ ನೀರನ್ನೂ ಕೊಡಬೇಕು.

ಹಿರಿಯರು ಬಚ್ಚಲು ನೀರನ್ನು ಬಾಳೆಯ ಬುಡಕ್ಕೋ ಕೆಸುವಿನ ಪಾತಿಗೋ ಬಿಡುತ್ತಿದ್ದರು. ಸೀಗೆಪುಡಿ, ಅಂಟುವಾಳದ ನೊರೆಯ ಆ ನೀರು ಗಿಡಕ್ಕೆ ಒಗ್ಗುತ್ತಿತ್ತು. ಸೇದಿ ತರುವ ನೀರಾದ್ದರಿಂದ ಹೆಚ್ಚೂ ಇರುತ್ತಿರಲಿಲ್ಲ. ಈಗ ಸಾಬೂನಿನ ಪುಡಿ, ಜೊತೆಗೆ ಮನೆಯೊಳಗೇ ನಲ್ಲಿ. 2019ರಲ್ಲಿ ಆರಂಭವಾದ ಜಲಜೀವನ ಯೋಜನೆಯ ಲೆಕ್ಕ ತಲೆಗೆ ದಿನಕ್ಕೆ 55 ಲೀಟರು. ಐದು ಜನರ ಮನೆಗೆ 275 ಲೀಟರು ಬಂದರೆ, ಮೂರರಲ್ಲಿ ಎರಡು ಪಾಲಾದರೂ ಕೊಳೆಯಾಗಿ ಹೊರಬೀಳುತ್ತದೆ. ಮಳೆಗಾಲದಲ್ಲಿ ಇಷ್ಟನ್ನು ಕುಡಿಯಲು ಬಾಳೆಗೂ ಹೊಟ್ಟೆ ಬೇಡವೇ? ಜಿಡ್ಡು, ಕೂದಲು ತಂಗಲು ಮೊದಲು ಒಂದು ಸಣ್ಣ ತೊಟ್ಟಿ, ಆಮೇಲೆ ಜಲ್ಲಿ ತುಂಬಿ ಕಾಬಾಳೆ ನೆಟ್ಟ ಒಂದು ಪಾತಿ, ಅಲ್ಲಿಂದ ತೋಟ: ಹೀಗೆ ಹರಿಸಿದರೆ ನೀರು ಬಹುಮಟ್ಟಿಗೆ ತಿಳಿಯಾಗುತ್ತದೆ. ಪಾಯಿಖಾನೆಯ ನೀರನ್ನು ಮಾತ್ರ ಇದಕ್ಕೆ ಸೇರಿಸಕೂಡದು.

ಪಾಯಿಖಾನೆಗೆ ಜೋಡಿ ಗುಂಡಿಯ ಪದ್ಧತಿಯಿದೆ. 1970ರಲ್ಲಿ ಸುಲಭ ಸಂಸ್ಥೆಯನ್ನು ಕಟ್ಟಿದ ಬಿಹಾರದ ಬಿಂದೇಶ್ವರ ಪಾಠಕರು ಇದನ್ನು ದೇಶದಲ್ಲೆಲ್ಲ ಹರಡಿದರು. 2014ರ ಸ್ವಚ್ಛ ಭಾರತ ಯೋಜನೆಯೂ ಹಳ್ಳಿಗಳಿಗೆ ಇದನ್ನೇ ಹೇಳಿತು. ಗೋಡೆಯಲ್ಲಿ ಸಂದು ಬಿಟ್ಟು ಕಟ್ಟಿದ ಎರಡು ಗುಂಡಿಗಳು. ಒಂದು ತುಂಬಿದರೆ ಇನ್ನೊಂದಕ್ಕೆ ತಿರುಗಿಸುವುದು. ಮೊದಲಿನದು ಎರಡು ವರ್ಷ ಮುಚ್ಚಿ ಕೂತರೆ ಒಳಗಿದ್ದುದು ವಾಸನೆಯಿಲ್ಲದ ಗೊಬ್ಬರವಾಗುತ್ತದೆ. ಹಸಿ ಗುಂಡಿಗೆ ಯಾವ ಮನುಷ್ಯನೂ ಇಳಿಯಬೇಕಾಗಿಲ್ಲ. (2013ರ ಕಾನೂನಿನ ಪ್ರಕಾರ, ರಕ್ಷಣೆಯಿಲ್ಲದೆ ಯಾರನ್ನೂ ಹಾಗೆ ಇಳಿಸುವಂತೆಯೂ ಇಲ್ಲ.) ಆದರೆ ಇದು ಎರಡು ಲೀಟರು ಸುರಿಯುವವರಿಗಾಗಿ ಆದ ಏರ್ಪಾಡು. ನಾವು ಹತ್ತು ಲೀಟರಿನ ಫ್ಲಶ್ಶನ್ನು ತಂದು ಜೋಡಿಸಿದ್ದೆವು!

“ದೊಡ್ಡ ಸೆಪ್ಟಿಕ್ ಟ್ಯಾಂಕೇ ಕಟ್ಟಿಸಿಬಿಡಿ, ನಿಶ್ಚಿಂತೆ” ಎನ್ನುವವರಿದ್ದಾರೆ. ಅದೂ ಒಂದು ದಿನ ತುಂಬುತ್ತದೆ. ಹೀರುವ ಲಾರಿ ಘಾಟಿ ಹತ್ತಿ ಬಂದರೂ, ಹೀರಿದ್ದನ್ನು ಎಲ್ಲಿ ಚೆಲ್ಲಬೇಕು? ದೇವನಹಳ್ಳಿಯಲ್ಲಿ 2015ರಲ್ಲಿ ಇದಕ್ಕೆಂದೇ ಒಂದು ಘಟಕ ಆರಂಭವಾಯಿತು. ದಿನಕ್ಕೆ ಆರು ಸಾವಿರ ಲೀಟರು ಮಲವನ್ನು ಕೊಳೆಸಿ, ಒಣಗಿಸಿ ಗೊಬ್ಬರ ಮಾಡುವ ಲೆಕ್ಕದ್ದು. ಅಂಥದೊಂದು ಹತ್ತಿರದಲ್ಲಿ ಇಲ್ಲದ ಕಡೆ ಲಾರಿ ಕಾಡಿನಂಚಿನಲ್ಲಿಯೋ ಹಳ್ಳದಲ್ಲಿಯೋ ಬರಿದಾದರೆ ಆಶ್ಚರ್ಯವೇನು?

ಸ್ಥಳದ ವಿಚಾರ ಎಲ್ಲಕ್ಕಿಂತ ದೊಡ್ಡದು. ಬಾವಿಗೂ ಗುಂಡಿಗೂ ಕಡೆಯ ಪಕ್ಷ 10 ಮೀಟರು, ಎಂದರೆ 33 ಅಡಿ ಅಂತರವಿರಬೇಕೆನ್ನುತ್ತಾರೆ. ಬಿರುಕುಬಿಟ್ಟ ಬಂಡೆಯಲ್ಲಿ, ತೂತುತೂತಾದ ಮುರಕಲ್ಲಿನಲ್ಲಿ ಅದೂ ಸಾಲದು. ಕಾಸರಗೋಡಿನ ಬಾಯಾರು, ಪಡ್ರೆಯ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವರು ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಸುರಂಗ ಕೊರೆದು, ಮುರಕಲ್ಲಿನಿಂದ ಒಸರುವ ನೀರನ್ನೇ ಕುಡಿದು ಬಂದವರು. ಮೇಲೆ ಇಂಗಿದ್ದು ಕೆಳಗೆ ಒಸರಲೇಬೇಕು. ಕುದಿಸಿದರೆ ರೋಗಾಣು ಸಾಯುತ್ತವೆ, ನೈಟ್ರೇಟು ಹೋಗುವುದಿಲ್ಲ.

ನಾವು ರಜೆ ಹಾಕಿ ಊರಿಗೆ ಹೋದೆವು. ಫ್ಲಶ್ ಬಿಚ್ಚಿಸಿ ಬಾಲ್ದಿ, ಚೆಂಬು ಇಟ್ಟಾಯಿತು; ಮಕ್ಕಳು ಎರಡು ದಿನ ಮುಖ ಊದಿಸಿಕೊಂಡಿದ್ದರು. ಮನೆಯ ಇನ್ನೊಂದು ಪಕ್ಕದಲ್ಲಿ, ಯಾರ ಬಾವಿಯೂ ಇಲ್ಲದ ಇಳಿಜಾರಿನಲ್ಲಿ, ಮಣ್ಣು ಏರಿಸಿ ಹೊಸ ಗುಂಡಿ ಮಾಡಿಸಿದೆವು. ಹಳೆಯ ಗುಂಡಿ ನಮ್ಮ ಬಾವಿಯಿಂದ ದೂರವೇ ಇತ್ತು, ಆ ಧೈರ್ಯ ನಮಗಿತ್ತು. ಹಗ್ಗ ಹಿಡಿದು ಕೆಳಗಿನ ಮನೆಯವರ ಬಾವಿಯವರೆಗೆ ಅಳೆದಾಗ ಇಪ್ಪತ್ತೆರಡೇ ಅಡಿ. ಆ ಮನೆಯ ಅತ್ತೆಮ್ಮನವರು ಮಳೆಗಾಲವಿಡೀ ನೀರು ಕಾಯಿಸಿ, ಸೋಸಿ ಕುಡಿದಿದ್ದರಂತೆ. “ಒಂದು ಮಾತು ಹೇಳಬಾರದಿತ್ತೇ?” ಎಂದೆವು.

“ವರ್ಷಕ್ಕೊಂದು ಸಲ ಬರುವವರು ನೀವು. ನಿಮಗೆ ಹೇಗೆ ಹೇಳುವುದು?” ಎಂದು ಅವರು ಒಳಗೆ ಹೋಗಿ ಬೆಲ್ಲ, ನೀರು ತಂದಿಟ್ಟರು.